ಶುಶ್ರೂಷಾ ಸೇವೆಯಲ್ಲಿ ಕೃತಕ ಬುದ್ಧಿಮತ್ತೆ: ಕೊಳ್ಳುವ ಮುನ್ನ ಯೋಚಿಸಬೇಕಾದ ಸಂಗತಿಗಳು

ನಮ್ಮ ರಾಜ್ಯದ ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳ ಅನೇಕ ನರ್ಸಿಂಗ್ ಹೋಂಗಳಲ್ಲಿ, ಧರ್ಮಾರ್ಥ ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಇದ್ದಾರೆ. ಕೆಲವರು ಪಾಲುದಾರರು, ಕೆಲವರು ಟ್ರಸ್ಟಿಗಳು. ಇನ್ನು ಕೆಲವರು ಆಸ್ಪತ್ರೆಗಳಿಗೆ ಮಂಚ, ಹಾಸಿಗೆ, ಟ್ರಾಲಿ, ಮಾನಿಟರ್ ಮುಂತಾದುವನ್ನು ತಯಾರಿಸಿ ಪೂರೈಸುವವರು. ಇಂಥವರ ಮೇಜಿನ ಮೇಲೆ ಈಗ ಹೊಸ ಬಗೆಯ ದರಪಟ್ಟಿಗಳು ಕಾಣಿಸಿಕೊಳ್ಳುತ್ತಿವೆ. ರೋಗಿಯ ಸ್ಥಿತಿ ಹದಗೆಡುವುದನ್ನು ಮುಂಚಿತವಾಗಿ ತಿಳಿಸುವ ತಂತ್ರಾಂಶ, ಶುಶ್ರೂಷಾ ಯೋಜನೆಯನ್ನು ತಾನೇ ಬರೆದುಕೊಡುವ ತಂತ್ರಾಂಶ, ಹಾಸಿಗೆಯ ಕೆಳಗಿಟ್ಟ ಸಂವೇದಕದಿಂದ ಹತ್ತಾರು ರೋಗಿಗಳನ್ನು ಏಕಕಾಲಕ್ಕೆ ಗಮನಿಸುವ ವ್ಯವಸ್ಥೆ. ಇವೆಲ್ಲಕ್ಕೂ ಹಚ್ಚುವ ಸಾಮಾನ್ಯ ಹೆಸರು ಕೃತಕ ಬುದ್ಧಿಮತ್ತೆ. ದಾದಿಯರ ಕೊರತೆಗೆ ಇದೇ ಪರಿಹಾರವೆಂಬ ಮಾತು ಮಾರಾಟ ಪ್ರತಿನಿಧಿಗಳ ಬಾಯಲ್ಲಿ ಹೆಚ್ಚಾಗಿ ಕೇಳಿಬರುತ್ತದೆ.

ಈ ತಂತ್ರಾಂಶಗಳಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ. ಆದರೆ ಅವುಗಳಿಂದ ನಿಜವಾಗಿ ಪ್ರಯೋಜನವಾದ ಕಡೆಗಳನ್ನು ಗಮನಿಸಿದರೆ, ದಾದಿಯರು ಕಂಡು ಬರೆದಿಟ್ಟದ್ದನ್ನು ಸಕಾಲದಲ್ಲಿ ವೈದ್ಯರ ಗಮನಕ್ಕೆ ತಂದದ್ದೇ ಅವುಗಳ ಮುಖ್ಯ ಸಾಧನೆಯಾಗಿ ಕಾಣುತ್ತದೆ. ದಾದಿಯರ ಸಂಖ್ಯೆಯನ್ನು ಇಳಿಸಿ ಆ ಹಣದಲ್ಲಿ ಯಂತ್ರ ಕೊಳ್ಳುವ ಲೆಕ್ಕಾಚಾರ ಈ ಅನುಭವಕ್ಕೆ ತೀರ ವಿರುದ್ಧವಾದುದು. ಇದನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಶುಶ್ರೂಷಾ ಯೋಜನೆ ಎಂದರೇನು?

ವೈದ್ಯರು ರೋಗವನ್ನು ಗುರುತಿಸಿ ಔಷಧ ಬರೆದುಕೊಟ್ಟ ಮೇಲೆ ಉಳಿಯುವ ಕೆಲಸ ಬಹು ದೊಡ್ಡದು. ರೋಗಿಯ ಮಗ್ಗುಲನ್ನು ಎಷ್ಟು ಗಂಟೆಗೊಮ್ಮೆ ಬದಲಾಯಿಸಬೇಕು, ಎದ್ದು ನಡೆಯುವಾಗ ಆಸರೆ ಬೇಕೇ, ಕುಡಿದ ನೀರೆಷ್ಟು, ಹೋದ ಮೂತ್ರವೆಷ್ಟು, ನಿನ್ನೆ ಸರಿಯಾಗಿ ಮಾತನಾಡುತ್ತಿದ್ದವರು ಇಂದು ತಡವರಿಸುತ್ತಿದ್ದಾರೆಯೇ, ಇವೆಲ್ಲವನ್ನೂ ನೋಡಿ ಮುಂದಿನ ಪಾಳಿಯವರಿಗೂ ತಿಳಿಯುವಂತೆ ಬರೆದಿಡುವುದು ಶುಶ್ರೂಷಾ ಯೋಜನೆ. ಪರಿಶೀಲನೆ, ಸಮಸ್ಯೆಯ ನಿರ್ಧಾರ, ಯೋಜನೆ, ಅನುಷ್ಠಾನ, ಮೌಲ್ಯಮಾಪನ ಎಂಬ ಐದು ಹಂತಗಳಲ್ಲಿ ಇದನ್ನು ನರ್ಸಿಂಗ್ ಕಾಲೇಜುಗಳಲ್ಲಿ ಕಲಿಸಲಾಗುತ್ತದೆ. ಆದರೆ ಮೂವತ್ತು ಹಾಸಿಗೆಗೆ ಇಬ್ಬರೇ ಇರುವ ವಾರ್ಡಿನಲ್ಲಿ ಕೇಸ್ ಶೀಟಿನ ಮೇಲೆ ನಾಡಿ, ಜ್ವರ, ಬಿ.ಪಿ. ಬರೆಯುವುದಕ್ಕೇ ಹೊತ್ತು ಸಾಲುವುದಿಲ್ಲ.

ಈ ಕೆಲಸಕ್ಕೆ ಲೆಕ್ಕದ ನೆರವು ಪಡೆಯುವುದು ಹೊಸದೇನಲ್ಲ. ಹಾಸಿಗೆ ಹುಣ್ಣಾಗುವ ಸಂಭವವನ್ನು ಅಳೆಯಲು ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ಶುಶ್ರೂಷಾ ತಜ್ಞೆಯರು ರೂಪಿಸಿದ ಅಂಕಪಟ್ಟಿ 1987ರಲ್ಲಿ ಪ್ರಕಟವಾಯಿತು. ಸ್ಪರ್ಶದ ಅರಿವು, ಚರ್ಮದ ತೇವ, ಓಡಾಟ, ಮಗ್ಗುಲು ಬದಲಿಸುವ ಶಕ್ತಿ, ಆಹಾರ, ಚರ್ಮದ ಉಜ್ಜುವಿಕೆ ಎಂಬ ಆರು ಅಂಶಗಳಿಗೆ ಅಂಕ ಹಾಕಿ ಕೂಡಿಸಿದರೆ ಮೊತ್ತ 6ರಿಂದ 23ರ ನಡುವೆ ಬರುತ್ತದೆ. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ ವಹಿಸಬೇಕು. ಇದಕ್ಕೆ ಒಂದು ಕಾಗದ, ಒಂದು ಪೆನ್ನು ಸಾಕು. ಅದೇ ಕಾಲದಲ್ಲಿ ನೆಬ್ರಾಸ್ಕಾದ ಕ್ರೈಟನ್ ವಿಶ್ವವಿದ್ಯಾಲಯದಲ್ಲಿ ಕಾಮ್ಸ್ ಎಂಬ ಗಣಕ ವ್ಯವಸ್ಥೆಯನ್ನು ಶುಶ್ರೂಷಾ ಸಲಹೆಗಾಗಿಯೇ ನಿರ್ಮಿಸಲಾಗಿತ್ತು. ಪುಸ್ತಕದ ಜ್ಞಾನ ಅದರಲ್ಲಿತ್ತು. ಇಂದಿನ ವ್ಯವಸ್ಥೆಗಳಂತೆ ಲಕ್ಷಾಂತರ ರೋಗಿಗಳ ದಾಖಲೆಯಿಂದ ತಾನೇ ಕಲಿಯುವ ಶಕ್ತಿ ಇರಲಿಲ್ಲ.

ದಾದಿಯರ ಬರಹದ ಬೆಲೆ

2003ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಫ್ಲಾರೆನ್ಸ್ ರಾತ್‌ಮನ್ ಎಂಬ ವೃದ್ಧೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಅವರ ಸ್ಥಿತಿ ಒಮ್ಮೆಲೇ ಕುಸಿದಿರಲಿಲ್ಲ. ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವಾಗಿ ಇಳಿಯುತ್ತ ಹೋಗಿತ್ತು. ಪಾಳಿ ಬದಲಾದಂತೆ ನೋಡುವವರೂ ಬದಲಾಗುತ್ತಿದ್ದುದರಿಂದ ಆ ಇಳಿಜಾರು ಯಾರ ಕಣ್ಣಿಗೂ ಪೂರ್ತಿಯಾಗಿ ಬೀಳಲಿಲ್ಲ. ವಿಜ್ಞಾನ ಮತ್ತು ತಂತ್ರಜ್ಞಾನ ಕ್ಷೇತ್ರದಲ್ಲಿದ್ದ ಅವರ ಮಕ್ಕಳಾದ ಮೈಕೆಲ್ ಮತ್ತು ಸ್ಟೀವನ್ ರಾತ್‌ಮನ್ ಆಸ್ಪತ್ರೆಯ ದಾಖಲೆಗಳನ್ನು ಹಿಡಿದು ಕುಳಿತು, ರೋಗಿಯ ಒಟ್ಟಾರೆ ಸ್ಥಿತಿಯನ್ನು ಒಂದೇ ಅಂಕಿಯಲ್ಲಿ ಹೇಳುವ ಸೂಚ್ಯಂಕವನ್ನು ಸಿದ್ಧಪಡಿಸಿದರು. ಷೇರು ಮಾರುಕಟ್ಟೆಯ ಸೂಚ್ಯಂಕದ ನಕ್ಷೆಯಂತೆಯೇ ಇದನ್ನೂ ಗೆರೆಯಾಗಿ ನೋಡಬಹುದು. 2013ರಲ್ಲಿ ಪ್ರಕಟವಾದ ಈ ಸೂಚ್ಯಂಕದಲ್ಲಿ 26 ಅಂಶಗಳಿವೆ. ನಾಡಿ, ರಕ್ತದೊತ್ತಡ, ಪ್ರಯೋಗಾಲಯದ ವರದಿಗಳ ಜೊತೆಗೆ ದಾದಿಯರು ಪ್ರತಿ ಪಾಳಿಯಲ್ಲಿ ತಲೆಯಿಂದ ಕಾಲಿನವರೆಗೆ ನೋಡಿ ಬರೆಯುವ ಷರಾಗಳಿಗೂ ಅದರಲ್ಲಿ ಗಣನೀಯ ಸ್ಥಾನವಿದೆ. ಆಸ್ಪತ್ರೆಗಳಲ್ಲಿ ಬರೆದು ಮಡಚಿಡಲಾಗುತ್ತಿದ್ದ, ಯಾರೂ ತಿರುಗಿ ಓದದ ಷರಾಗಳಿವು.

ಇದಕ್ಕಿಂತಲೂ ಕುತೂಹಲಕರವಾದುದು ಕೊಲಂಬಿಯಾ ವಿಶ್ವವಿದ್ಯಾಲಯದ ಸಾರಾ ರೋಸೆಟ್ಟಿ ಮತ್ತು ಸಂಗಡಿಗರ 'ಕನ್ಸರ್ನ್' ಎಂಬ ವ್ಯವಸ್ಥೆ. ರೋಸೆಟ್ಟಿಯವರು ಸ್ವತಃ ಶುಶ್ರೂಷಾ ವೃತ್ತಿಯಿಂದ ಬಂದವರು. ದಾದಿ ಏನು ಬರೆದರು ಎಂಬುದರ ಜೊತೆಗೆ ಎಷ್ಟು ಸಲ, ಯಾವ ಹೊತ್ತಿನಲ್ಲಿ ಬರೆದರು ಎಂಬುದನ್ನೂ ಈ ವ್ಯವಸ್ಥೆ ಗಮನಿಸುತ್ತದೆ. ನಾಲ್ಕು ಗಂಟೆಗೊಮ್ಮೆ ನೋಡಬೇಕಾದ ರೋಗಿಯನ್ನು ಮಧ್ಯರಾತ್ರಿಯಲ್ಲಿ ಎರಡೆರಡು ಸಲ ನೋಡಿದ್ದಾರೆ. ಕೊಡಬೇಕಿದ್ದ ಒಂದು ಮಾತ್ರೆಯನ್ನು ತಡೆಹಿಡಿದಿದ್ದಾರೆ. ಬದಿಯಲ್ಲಿ ಒಂದು ಟಿಪ್ಪಣಿ ಹಾಕಿದ್ದಾರೆ. ನಾಡಿ, ಬಿ.ಪಿ. ಇನ್ನೂ ಸರಿಯಾಗಿಯೇ ಇರಬಹುದು. ಆದರೂ ದಾದಿಗೆ ಏನೋ ಅನುಮಾನ ಬಂದಿದೆ, ಬಾಯಿಬಿಟ್ಟು ಹೇಳಲು ಆಧಾರ ಸಾಲದು. ನುರಿತ ವ್ಯಾಪಾರಿ ಉದ್ರಿ ಪುಸ್ತಕವನ್ನು ನೋಡುವ ರೀತಿಯೂ ಇದೇ ಅಲ್ಲವೇ? ಗಿರಾಕಿ ಬಾಕಿ ನಿಲ್ಲಿಸುವುದಕ್ಕೆ ಮೊದಲೇ ಅವನು ಬರುವ ಹೊತ್ತು, ಕೊಳ್ಳುವ ಪ್ರಮಾಣ, ಕೊಡುವ ಕಂತು ಬದಲಾಗಿರುತ್ತದೆ. ಈ ವ್ಯವಸ್ಥೆ ಅಂತಹ ಬದಲಾವಣೆಯನ್ನು ಗುರುತಿಸಿ ರೋಗಿಯ ಹೆಸರಿನ ಮುಂದೆ ಹಸಿರು, ಹಳದಿ ಅಥವಾ ಕೆಂಪು ಗುರುತನ್ನು ತೋರಿಸುತ್ತದೆ.

ಇದರ ಫಲಿತಾಂಶ 2025ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಗಿದೆ. ಎರಡು ಆಸ್ಪತ್ರೆ ಸಮೂಹಗಳ 74 ವಾರ್ಡುಗಳಲ್ಲಿ, 60,893 ದಾಖಲಾತಿಗಳ ಮೇಲೆ ಈ ಪ್ರಯೋಗ ನಡೆಯಿತು. ಯಾವ ವಾರ್ಡಿಗೆ ವ್ಯವಸ್ಥೆಯನ್ನು ಕೊಡಬೇಕೆಂಬುದನ್ನು ಚೀಟಿ ಎತ್ತುವಂತೆ ನಿಷ್ಪಕ್ಷಪಾತವಾಗಿ ನಿರ್ಧರಿಸಲಾಗಿತ್ತು. ವ್ಯವಸ್ಥೆ ಇದ್ದ ವಾರ್ಡುಗಳಲ್ಲಿ ಸಾವಿನ ಸಂಭವ ಶೇ. 35.6ರಷ್ಟು, ಆಸ್ಪತ್ರೆಯ ವಾಸ ಶೇ. 11.2ರಷ್ಟು ಕಡಿಮೆ ಕಂಡುಬಂದವು. ತುಂಬ ದೊಡ್ಡ ಅಂಕಿಗಳು. ಬೇರೆ ಕಡೆಗಳಲ್ಲಿಯೂ ಇದೇ ಪ್ರಮಾಣದಲ್ಲಿ ಬರುತ್ತವೆಂದು ಭಾವಿಸುವುದು ಬೇಡ. ಆದರೆ ಅದೇ ವರದಿಯ ಇನ್ನೊಂದು ಅಂಕಿಯತ್ತ ನಮ್ಮ ಸದಸ್ಯರು ವಿಶೇಷವಾಗಿ ಗಮನ ಹರಿಸಬೇಕು. ವ್ಯವಸ್ಥೆ ಇದ್ದ ವಾರ್ಡುಗಳಿಂದ ತೀವ್ರ ನಿಗಾ ಘಟಕಕ್ಕೆ ಅನಿರೀಕ್ಷಿತವಾಗಿ ವರ್ಗಾಯಿಸಿದ ರೋಗಿಗಳ ಪ್ರಮಾಣ ಶೇ. 24.9ರಷ್ಟು ಹೆಚ್ಚಾಯಿತು. ಎಂದರೆ ಗುರುತು ಕೆಂಪಾದಾಗ ಅಲ್ಲಿ ಯಾರೋ ಎದ್ದು ಬಂದರು, ವೈದ್ಯರನ್ನು ಕರೆದರು, ರೋಗಿಯನ್ನು ಸಾಗಿಸಲು ಹಾಸಿಗೆಯೂ ಇತ್ತು. ಜೀವ ಉಳಿದದ್ದಕ್ಕೆ ಬಹುಮಟ್ಟಿಗೆ ಇದೇ ಕಾರಣವಿರಬೇಕು. ತೀವ್ರ ನಿಗಾ ಘಟಕವೇ ಇಲ್ಲದ, ರಾತ್ರಿ ವೈದ್ಯರು ಮನೆಯಲ್ಲಿರುವ, ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಹಿಡಿಯುವ ನರ್ಸಿಂಗ್ ಹೋಂನಲ್ಲಿ ಆ ಕೆಂಪು ಗುರುತಿನಿಂದ ಏನಾದೀತು?

ಹಾಗೆಯೇ, ಆ ವ್ಯವಸ್ಥೆಯ ಕಚ್ಚಾಮಾಲು ದಾದಿಯರ ಅನುಮಾನ. ಅನುಮಾನ ಬಂದ ಹೊತ್ತಿನಲ್ಲಿ ಮತ್ತೊಮ್ಮೆ ನೋಡಿ ಬರೆಯುವಷ್ಟು ಬಿಡುವು ದಾದಿಗೆ ಇರಬೇಕು. ಪಾಳಿಯ ಕೊನೆಯಲ್ಲಿ ಎಲ್ಲ ಕೇಸ್ ಶೀಟುಗಳನ್ನೂ ಒಟ್ಟಿಗೆ ಗುಡ್ಡೆ ಹಾಕಿಕೊಂಡು, ಎಲ್ಲರಿಗೂ ಒಂದೇ ನಾಡಿ, ಒಂದೇ ಜ್ವರ ತುಂಬಿಸುವ ರೂಢಿ ಇರುವ ಕಡೆ ಈ ಯಂತ್ರಕ್ಕೆ ಓದಲು ಏನೂ ಸಿಗುವುದಿಲ್ಲ.

ಎಡವಿದ ಉದಾಹರಣೆ

ಅಮೆರಿಕದ ಎಪಿಕ್ ಎಂಬ ಪ್ರಸಿದ್ಧ ತಂತ್ರಾಂಶ ಸಂಸ್ಥೆ, ಸೆಪ್ಸಿಸ್ ಎಂದು ವೈದ್ಯರು ಕರೆಯುವ ಮಾರಕ ನಂಜನ್ನು ಮುಂಚಿತವಾಗಿ ತಿಳಿಸುವ ವ್ಯವಸ್ಥೆಯನ್ನು ಆಸ್ಪತ್ರೆಗಳಿಗೆ ಒದಗಿಸಿತ್ತು. ನೂರಾರು ಆಸ್ಪತ್ರೆಗಳು ಅದನ್ನು ಬಳಸುತ್ತಿದ್ದವು. ಮಿಷಿಗನ್ ವಿಶ್ವವಿದ್ಯಾಲಯದ ತಜ್ಞರು ತಮ್ಮ ಆಸ್ಪತ್ರೆಯ 27,697 ರೋಗಿಗಳ ದಾಖಲೆಯ ಮೇಲೆ ಅದನ್ನು ಪರೀಕ್ಷಿಸಿ 2021ರಲ್ಲಿ ವರದಿ ಪ್ರಕಟಿಸಿದರು. ನಂಜು ತಗುಲಿದವರಲ್ಲಿ ಮೂರನೆಯ ಒಂದು ಭಾಗದವರನ್ನು ಮಾತ್ರ ವ್ಯವಸ್ಥೆ ಹಿಡಿದಿತ್ತು, ಉಳಿದ ಶೇ. 67ರಷ್ಟನ್ನು ಬಿಟ್ಟಿತ್ತು. ಹಾಗೆಂದು ಅದು ಮೌನವಾಗಿಯೂ ಇರಲಿಲ್ಲ. ಒಟ್ಟು ದಾಖಲಾತಿಗಳ ಶೇ. 18ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಸಂಸ್ಥೆಯವರು ಈ ವಿಮರ್ಶೆಯನ್ನು ಒಪ್ಪಲಿಲ್ಲ, ಆದರೆ ಮುಂದೆ ತಮ್ಮ ವ್ಯವಸ್ಥೆಯನ್ನು ಪರಿಷ್ಕರಿಸಿದರು. ವೈದ್ಯರು ಆ್ಯಂಟಿಬಯಾಟಿಕ್ ಬರೆದಿರುವುದನ್ನೂ ಹಳೆಯ ವ್ಯವಸ್ಥೆ ಒಂದು ಸುಳಿವಾಗಿ ತೆಗೆದುಕೊಳ್ಳುತ್ತಿತ್ತು. ವೈದ್ಯರಿಗೆ ಅನುಮಾನ ಬಂದ ಮೇಲೆ ವೈದ್ಯರಿಗೇ ಎಚ್ಚರಿಕೆ ಕೊಡುವುದಕ್ಕೆ ಹಣ ತೆರಬೇಕೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಸುಳ್ಳು ಎಚ್ಚರಿಕೆಯ ಹೊರೆಯನ್ನು ಹಗುರವಾಗಿ ಎಣಿಸಬಾರದು. ವೈದ್ಯಕೀಯ ಉಪಕರಣಗಳ ಅಲಾರಂಗಳಿಗೆ ಸಂಬಂಧಿಸಿದಂತೆ 2009ರ ಜನವರಿಯಿಂದ 2012ರ ಜೂನ್‌ವರೆಗೆ ತನಗೆ ವರದಿಯಾದ 98 ಅವಘಡಗಳಲ್ಲಿ 80 ಸಾವುಗಳು ಸಂಭವಿಸಿದ್ದವೆಂದು ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2013ರಲ್ಲಿ ತಿಳಿಸಿತು. ಸದಾ ಕೂಗುವ ಯಂತ್ರವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ, ಅಥವಾ ಅದರ ಬಾಯಿ ಮುಚ್ಚಿಸಿಬಿಡುತ್ತಾರೆ.

ಹಣದ ಲೆಕ್ಕ

ದಾದಿಯರನ್ನು ಕಡಿಮೆ ಮಾಡುವುದರ ಬೆಲೆ ಎಷ್ಟೆಂಬುದಕ್ಕೂ ಅಂಕಿಗಳಿವೆ. ಯೂರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ 4,22,730 ರೋಗಿಗಳ ದಾಖಲೆಗಳನ್ನು ಲಿಂಡಾ ಏಕನ್ ಮತ್ತು ಸಂಗಡಿಗರು ಪರಿಶೀಲಿಸಿ 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಒಬ್ಬ ದಾದಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ದಾಖಲಾದ 30 ದಿನಗಳೊಳಗಿನ ಸಾವಿನ ಸಂಭವ ಶೇ. 7ರಷ್ಟು ಏರುವುದು ಅದರಲ್ಲಿ ಕಂಡುಬಂದಿತು. ನಮ್ಮ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ, ಇತರ ಆಸ್ಪತ್ರೆಯಾದರೆ ಐವರಿಗೆ ಒಬ್ಬ ದಾದಿ ಇರಬೇಕು. ರಾತ್ರಿ ಪಾಳಿಯಲ್ಲಿ ನಮ್ಮ ಊರುಗಳಲ್ಲಿ ಈ ಪ್ರಮಾಣ ಎಷ್ಟಿದೆಯೆಂಬುದನ್ನು ಆಡಳಿತ ಮಂಡಳಿಗಳ ಸದಸ್ಯರೇ ಬಲ್ಲರು.

ಇರುವ ದಾದಿಯರು ಬಿಟ್ಟುಹೋಗುವುದಕ್ಕೂ ಕಾರಣ ಗುಟ್ಟಿನದಲ್ಲ. ಸುಪ್ರೀಂ ಕೋರ್ಟಿನ ನಿರ್ದೇಶನದ ಮೇರೆಗೆ ಕೇಂದ್ರ ಸರ್ಕಾರ ರಚಿಸಿದ್ದ ಸಮಿತಿಯೊಂದು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಯ ಸಂಬಳ ತಿಂಗಳಿಗೆ 20,000 ರೂ.ಗಳಿಗಿಂತ ಕಡಿಮೆಯಿರಬಾರದೆಂದು 2016ರಲ್ಲಿಯೇ ಶಿಫಾರಸು ಮಾಡಿತ್ತು. ತಂತ್ರಾಂಶದ ವಾರ್ಷಿಕ ಶುಲ್ಕದ ಪಕ್ಕದಲ್ಲಿ ಇನ್ನಿಬ್ಬರು ದಾದಿಯರ ವಾರ್ಷಿಕ ಸಂಬಳವನ್ನು ಬರೆದು ನೋಡಿದ ಮೇಲೆಯೇ ದರಪಟ್ಟಿಗೆ ಸಹಿ ಹಾಕುವುದು ವಿವೇಕ.

ಕಾನೂನಿನ ಕಡೆಯಿಂದಲೂ ಒಂದು ಮಾತು. ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಗಣಕ ವ್ಯವಸ್ಥೆ ಕೊಟ್ಟ ಪ್ರತಿ ಎಚ್ಚರಿಕೆಯೂ ಗಂಟೆ ನಿಮಿಷ ಸಹಿತ ದಾಖಲಾಗಿರುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರಿಕೆ ಬಂದಿತ್ತು, ಬೆಳಿಗ್ಗೆ ಆರರವರೆಗೆ ಯಾರೂ ನೋಡಲಿಲ್ಲ ಎಂಬುದನ್ನು ರೋಗಿಯ ಕಡೆಯ ವಕೀಲರು ಆ ದಾಖಲೆಯಿಂದಲೇ ತೋರಿಸಬಲ್ಲರು. ಓಗೊಡುವ ಸಿಬ್ಬಂದಿ ಇಲ್ಲದೆ ಎಚ್ಚರಿಕೆಯ ಯಂತ್ರವನ್ನು ಕೊಂಡರೆ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಎಲ್ಲಿಂದ ಆರಂಭಿಸಬೇಕು?

ಮೂವತ್ತು ನಲವತ್ತು ಹಾಸಿಗೆಯ ಆಸ್ಪತ್ರೆಗೆ ಈ ಲೇಖಕನ ಸಲಹೆ ಕಾಗದದಿಂದ ಆರಂಭಿಸಬೇಕೆಂಬುದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ 'ನ್ಯೂಸ್' ಎಂಬ ಮುನ್ನೆಚ್ಚರಿಕೆಯ ಅಂಕಪಟ್ಟಿ ಇದೆ. ಉಸಿರಾಟದ ವೇಗ, ರಕ್ತದಲ್ಲಿನ ಆಮ್ಲಜನಕ, ಹೊರಗಿನಿಂದ ಆಮ್ಲಜನಕ ಕೊಡಲಾಗುತ್ತಿದೆಯೇ ಎಂಬುದು, ರಕ್ತದೊತ್ತಡ, ನಾಡಿ, ಪ್ರಜ್ಞೆ, ಉಷ್ಣತೆ ಎಂಬ ಏಳು ಅಂಶಗಳಿಗೆ ಅಂಕ ಹಾಕಿ ಕೂಡಿಸಿದಾಗ ಮೊತ್ತ 5 ಮುಟ್ಟಿದರೆ ವೈದ್ಯರನ್ನು ತುರ್ತಾಗಿ ಕರೆಯಬೇಕು. 7 ಅಥವಾ ಹೆಚ್ಚಾದರೆ ಅದು ಗಂಡಾಂತರದ ಸ್ಥಿತಿ. ಹದಿನಾರು ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ ಇದು ಅನ್ವಯಿಸುವುದಿಲ್ಲ. ಆರು ತಿಂಗಳು ಇದನ್ನು ಪ್ರಾಮಾಣಿಕವಾಗಿ ನಡೆಸಿದರೆ ದಾದಿಯರಿಗೆ ಅಳೆದು ಬರೆಯುವ ಅಭ್ಯಾಸವೂ, ವೈದ್ಯರಿಗೆ ಕರೆದಾಗ ಬರುವ ಅಭ್ಯಾಸವೂ ಆಗುತ್ತದೆ. ಎರಡನೆಯದೇ ಹೆಚ್ಚು ಕಷ್ಟದ್ದು. ಈ ಶಿಸ್ತು ಬಂದ ಆಸ್ಪತ್ರೆಗೆ ಗಣಕ ವ್ಯವಸ್ಥೆ ನಿಜಕ್ಕೂ ಉಪಯುಕ್ತ.

ಶುಶ್ರೂಷಾ ಯೋಜನೆಯನ್ನು ಬರೆದುಕೊಡುವ ಭಾಷಾ ತಂತ್ರಾಂಶಗಳ ವಿಷಯದಲ್ಲಿ ಬೇರೊಂದು ಎಚ್ಚರ ಬೇಕು. ಅವು ಅಚ್ಚುಕಟ್ಟಾಗಿ ಬರೆಯುತ್ತವೆ. ಆ ಅಚ್ಚುಕಟ್ಟೇ ಅಪಾಯಕಾರಿ. ರೋಗಿ ಹೇಳದಿದ್ದುದನ್ನೂ ಹೇಳಿದಂತೆ ಬರೆಯುವ ಸ್ವಭಾವ ಅವಕ್ಕೆ ಇದೆ. ರೋಗಿ ಹವ್ಯಕ ಕನ್ನಡದಲ್ಲೋ ಬೀದರಿನ ಮಾತಿನಲ್ಲೋ ತನ್ನ ಸಂಕಟ ತೋಡಿಕೊಂಡು, ಕೇರಳದ ದಾದಿ ಅದನ್ನು ಇಂಗ್ಲಿಷಿನಲ್ಲಿ ಎರಡು ಪದವಾಗಿಸಿ, ಯಂತ್ರ ಆ ಎರಡು ಪದವನ್ನು ಒಂದು ಪುಟವಾಗಿಸಿದರೆ ಆ ಪುಟದಲ್ಲಿ ರೋಗಿಯ ಪಾಲೆಷ್ಟು? ಪಾಳಿ ಬದಲಾಗುವಾಗ ಒಪ್ಪಿಸಬೇಕಾದ ವರದಿಯ ಕರಡನ್ನು ಸಿದ್ಧಪಡಿಸಿಕೊಳ್ಳಲು ಇವುಗಳನ್ನು ಬಳಸಬಹುದು. ದಾದಿ ಓದಿ, ತಿದ್ದಿ, ಸಹಿ ಮಾಡಿದ ಮೇಲಷ್ಟೇ ಅದು ಕಡತಕ್ಕೆ ಸೇರಬೇಕು.

ತಯಾರಕರಿಗೆ ಇರುವ ಅವಕಾಶ

ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೆ ಇಲ್ಲಿ ಕೆಲಸವಿದೆ. ಬೆಂಗಳೂರಿನಲ್ಲಿ 2015ರಲ್ಲಿ ಆರಂಭವಾದ ಡೋಝಿ ಸಂಸ್ಥೆ ಹಾಸಿಗೆಯ ಕೆಳಗೆ ಇಡುವ ಸಂವೇದಕ ಹಾಳೆಯೊಂದನ್ನು ತಯಾರಿಸುತ್ತಿದೆ. ಹೃದಯ ಬಡಿದಾಗ, ಉಸಿರೆಳೆದಾಗ ದೇಹದಲ್ಲಿ ಉಂಟಾಗುವ ಸೂಕ್ಷ್ಮ ಕಂಪನವನ್ನು ಅದು ರೋಗಿಯ ಮೈ ಮುಟ್ಟದೆಯೇ ಗ್ರಹಿಸಿ, ಏರುಪೇರಾದರೆ ಸಿಬ್ಬಂದಿಗೆ ತಿಳಿಸುತ್ತದೆ. ಇದನ್ನು ಹೊಗಳಿ ಮಾರುವುದು ನಮ್ಮ ಉದ್ದೇಶವಲ್ಲ. ಇಂಥ ವಸ್ತು ನಮ್ಮ ರಾಜ್ಯದಲ್ಲಿಯೇ ತಯಾರಾಗಬಲ್ಲದೆಂಬುದಕ್ಕೆ ನಿದರ್ಶನವಾಗಿ ಹೇಳಿದ್ದೇವೆ.

ಸಂವೇದಕ ತಪ್ಪಿದರೆ ಅದರ ಮೇಲೆ ಕಟ್ಟಿದ ಲೆಕ್ಕವೆಲ್ಲ ತಪ್ಪುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರನ್ನೇ ತೆಗೆದುಕೊಳ್ಳಿ. ಬೆರಳಿಗೆ ಸಿಕ್ಕಿಸುವ ಈ ಉಪಕರಣ ಶೇ. 92ರಿಂದ 96 ತೋರಿಸುತ್ತಿರುವಾಗಲೇ ರಕ್ತದ ಆಮ್ಲಜನಕ ನಿಜವಾಗಿ ಅಪಾಯದ ಮಟ್ಟಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ. 3.6, ಕಪ್ಪು ವರ್ಣೀಯರಲ್ಲಿ ಶೇ. 11.7 ಇದ್ದವೆಂದು ಮಿಷಿಗನ್ನಿನ ತಜ್ಞರು 2020ರ ಡಿಸೆಂಬರಿನಲ್ಲಿ ವರದಿ ಮಾಡಿದರು. ಚರ್ಮದ ಬಣ್ಣ ಗಾಢವಾದಂತೆ ಬೆಳಕಿನ ಅಳತೆ ತಪ್ಪುತ್ತದೆ. ನಮ್ಮ ಜನರ ಮೈಬಣ್ಣದ ಮೇಲೆ ಪರೀಕ್ಷಿಸಿ, ಫಲಿತಾಂಶವನ್ನು ಕೈಪಿಡಿಯಲ್ಲಿ ಅಚ್ಚು ಹಾಕಿಸುವ ತಯಾರಕನಿಗೆ ಮಾರುಕಟ್ಟೆಯಲ್ಲಿ ಗೌರವ ದೊರೆಯುವುದರಲ್ಲಿ ಸಂದೇಹವಿಲ್ಲ.

ಈ ವ್ಯವಹಾರಕ್ಕೆ ಇಳಿಯುವವರು ಪರವಾನಗಿಯ ವಿಷಯದಲ್ಲಿ ಅಜಾಗರೂಕರಾಗಬಾರದು. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಉಪಕರಣಗಳೆಲ್ಲವೂ, ಅವುಗಳ ಜೊತೆಗೆ ರೋಗ ಪತ್ತೆ ಮತ್ತು ನಿಗಾವಣೆಗೆ ಉದ್ದೇಶಿಸಿದ ತಂತ್ರಾಂಶವೂ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. 2017ರ ವೈದ್ಯಕೀಯ ಉಪಕರಣ ನಿಯಮಗಳಡಿ ಎ ಮತ್ತು ಬಿ ವರ್ಗದವಕ್ಕೆ 2022ರ ಅಕ್ಟೋಬರಿನಿಂದ, ಸಿ ಮತ್ತು ಡಿ ವರ್ಗದವಕ್ಕೆ 2023ರ ಅಕ್ಟೋಬರಿನಿಂದ ಪರವಾನಗಿ ವ್ಯವಸ್ಥೆ ಜಾರಿಯಲ್ಲಿದೆ. ಕೊಳ್ಳುವ ಆಸ್ಪತ್ರೆಯವರು ಮಾರಾಟಗಾರರಿಂದ ಮೊದಲು ಕೇಳಬೇಕಾದ ಕಾಗದವೂ ಇದೇ. ಇದರ ಜೊತೆಗೆ, ವ್ಯವಸ್ಥೆಯನ್ನು ಯಾವ ದೇಶದ, ಯಾವ ಆಸ್ಪತ್ರೆಯ ರೋಗಿಗಳ ದಾಖಲೆಯಿಂದ ಕಲಿಸಲಾಗಿದೆ, ನೂರು ಎಚ್ಚರಿಕೆಗಳಲ್ಲಿ ಎಷ್ಟು ನಿಜವಾದವು, ಬಿಟ್ಟುಹೋದವು ಎಷ್ಟು, ನಮ್ಮದೇ ವಾರ್ಡಿನಲ್ಲಿ ಮೂರು ತಿಂಗಳು ಪ್ರಾಯೋಗಿಕವಾಗಿ ನಡೆಸಿ ಲೆಕ್ಕ ಕೊಡುವಿರಾ ಎಂದು ಕೇಳಬೇಕು. ಇದಕ್ಕೆ ಒಪ್ಪದವರ ದರಪಟ್ಟಿಯನ್ನು ಮೇಜಿನ ಮೇಲೆ ಇಟ್ಟುಕೊಳ್ಳುವ ಅಗತ್ಯವಿಲ್ಲ.

ರೋಗಿಗಳ ಮಾಹಿತಿ ಯಾರ ಗಣಕದಲ್ಲಿ ಉಳಿಯುತ್ತದೆ, ಒಪ್ಪಂದ ಮುಗಿದ ಮೇಲೆ ಅದನ್ನು ಅಳಿಸಲಾಗುತ್ತದೆಯೇ ಎಂಬುದು ಕರಾರು ಪತ್ರದಲ್ಲಿ ಸ್ಪಷ್ಟವಾಗಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳ ಪಾಲನೆಗೆ ಅಂದಿನಿಂದ 18 ತಿಂಗಳ ಅವಧಿ ನೀಡಲಾಗಿದೆ. ಮಾಹಿತಿಯ ರಕ್ಷಣೆಗೆ ತಕ್ಕ ಏರ್ಪಾಡು ಮಾಡದವರಿಗೆ ಈ ಕಾಯ್ದೆಯಡಿ 250 ಕೋಟಿ ರೂ.ಗಳವರೆಗೆ ದಂಡ ವಿಧಿಸಬಹುದಾಗಿದ್ದು, ಮಾಹಿತಿಯನ್ನು ಇಟ್ಟುಕೊಂಡದ್ದು ತಂತ್ರಾಂಶದವರೇ ಆದರೂ ಕಾನೂನಿನ ಮುಂದೆ ಮೊದಲು ಉತ್ತರ ಹೇಳಬೇಕಾದವರು ಆಸ್ಪತ್ರೆಯವರು.